ಕೋತಿಯ ಕತ್ತಿನ ಗಂಟು

ಕೋತಿ ಸತ್ತದ್ದು ಶನಿವಾರ, ಅದೂ ವಿದ್ಯಾರಣ್ಯಪುರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ. ನಮ್ಮ ರಸ್ತೆಯವರಿಗೆ ಅಷ್ಟು ಸಾಕಾಗಿತ್ತು. ಎಂಟು ಗಂಟೆಯ ಹೊತ್ತಿಗೆ ಅದಕ್ಕೆ ಹಳದಿ ಶಲ್ಯ ಹೊದಿಸಿ, ಹಣೆಗೆ ಸಿಂಧೂರ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಬದುಕಿದ್ದಾಗ ಅದರ ಹಿಂದೆ ಕೋಲು ಹಿಡಿದು ಓಡುತ್ತಿದ್ದ ಹೆಂಗಸರು ಈಗ ಅದರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದೇ ಕೈಯಲ್ಲಿ ಮಕ್ಕಳ ಬಾಯಿಗೆ ಸಕ್ಕರೆ ಹಾಕುತ್ತಿದ್ದರು.

ಎಲ್ಲಕ್ಕೂ ಮುಂದೆ ನಿಂತವರು ನನ್ನ ಮಾವ ಉಪೇಂದ್ರ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ನಾಲ್ಕು ತಿಂಗಳಿಂದ ಕೆಮ್ಮುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಅಲರ್ಜಿ. ಕೈಗಡಿಯಾರ ಸಡಿಲವಾಗಿ ಮೊಣಕೈವರೆಗೂ ಜಾರುತ್ತಿತ್ತು, ದಿಂಬಿನ ಕವರು ಬೆಳಿಗ್ಗೆ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಕಫ ಪರೀಕ್ಷೆ ಮಾಡಿಸೋಣವೆಂದು ನಾನು ಎರಡು ಸಲ ಕೇಳಿದ್ದೆ.

"ಟಿಬಿ ಎಲ್ಲಾ ನಮ್ಮಂಥೋರ ಮನೆಗೆ ಬರಲ್ಲಮ್ಮ. ಸ್ವಲ್ಪ ಯೋಚನೆ ಮಾಡಿ ಮಾತಾಡು."

ನನ್ನ ಗಂಡ ಗುರುಚರಣ್ ಎರಡು ಸಲವೂ ಒಂದೇ ಮಾತು ಹೇಳಿದ್ದ. "ಬಿಡು ವೇದಾ."

ಬಿಡುವುದು ಹೇಗೆ? ನಮ್ಮ ಧನುಶ್ರೀಗೆ ಐದು ವರ್ಷ. ದಿನಾ ಸಂಜೆ ಅವಳು ಅವರ ತೊಡೆಯ ಮೇಲೆ. ಅವರು ಬಾಳೆಹಣ್ಣನ್ನು ಅರ್ಧ ಕಚ್ಚಿ ತಿಂದು ಉಳಿದರ್ಧವನ್ನು ಕೋತಿಯ ಬಾಯಿಗೇ ಇಡುತ್ತಿದ್ದರು. ಸ್ವಾಮಿಗೆ ಕೊಡುವ ಮುಂಚೆ ಹುಳಿಯೋ ಸಿಹಿಯೋ ನೋಡಬೇಕಂತೆ.

ಈ ಕೋತಿ ಬಡವಾಗಿದ್ದನ್ನೂ, ಕಾಂಪೌಂಡಿನ ಮೇಲೆ ಕೂತು ಮುದುಕನ ಹಾಗೆ ಕೆಮ್ಮುವುದನ್ನೂ ನಾನು ಮೂರು ವಾರದಿಂದ ನೋಡುತ್ತಿದ್ದೆ. ಅದರ ಕತ್ತಿನ ಎಡಗಡೆ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದಿತ್ತು. ಫೋನ್ ಮಾಡಿದೆ. ಕಾಡುಪ್ರಾಣಿ ನೋಡಿಕೊಳ್ಳುವ ಕಚೇರಿಯವರು, ಊರೊಳಗಿನ ಕೋತಿ ನಮ್ಮದಲ್ಲ ಅಂದರು. ಊರು ನೋಡಿಕೊಳ್ಳುವವರು, ಕೋತಿ ಕಾಡಿನದು ಅಂದರು. ದನಕರುಗಳ ಆಸ್ಪತ್ರೆಯಲ್ಲಿ, "ಹಾಲು ಕೊಡುತ್ತೇನಮ್ಮಾ ಅದು?" ಎಂದು ನಕ್ಕರು. ಮನುಷ್ಯರ ಆಸ್ಪತ್ರೆಯವರು, ಮನುಷ್ಯರಿಗೆ ಏನಾದರೂ ಆದಾಗ ಬನ್ನಿ ಅಂದರು. ಕೊನೆಗೆ ಸಿಕ್ಕವರು ಶುಭಾ ಎಂಬ ಪಶುವೈದ್ಯೆ. ಮನುಷ್ಯರು, ದನ, ಕಾಡುಪ್ರಾಣಿಗಳ ನಡುವೆ ದಾಟುವ ರೋಗಗಳನ್ನು ಒಟ್ಟಿಗೆ ನೋಡುವುದು ಅವರ ಕೆಲಸ. ಪರೀಕ್ಷೆಗೆ ಅನುಮತಿ ಪತ್ರ ತರಿಸಲು ಅವರಿಗೇ ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಕೋತಿ ಸತ್ತಿತು.

ಶನಿವಾರ ಒಂಬತ್ತಕ್ಕೆ ಅವರು ಬಂದಾಗ ಮಾವ ಗೇಟಿಗೆ ಅಡ್ಡ ನಿಂತರು.

"ಸ್ವಾಮಿನ ಕುಯ್ಯೋಕೆ ಬಂದಿದೀರಾ?"

"ಕುಯ್ಯಲ್ಲ ಸಾರ್. ಕತ್ತಿನ ಗಂಟಿಗೆ ಒಂದು ಸೂಜಿ. ದಯವಿಟ್ಟು ಎಲ್ರಿಗೂ ಮುಟ್ಬೇಡಿ ಅಂತ ಹೇಳಿ."

"ನಿಮ್ಮನೇಲಿ ಯಾರಾದ್ರೂ ಸತ್ರೆ ಹೀಗೇ ಚುಚ್ತೀರಾ?"

ಸುತ್ತಲಿದ್ದವರು ತಲೆಯಾಡಿಸಿದರು. ಶುಭಾ ರಸ್ತೆಯ ಆಚೆ ಹೋಗಿ ಕಾರಿನಲ್ಲಿ ಕೂತರು. ಆಮೇಲೆ ಹೂವಿನ ಗಾಡಿ ಬಂತು, ಡೋಲಿನವರು ಬಂದರು. ಗಾಡಿಯ ಮುಂದೆ ಯಾರ ಹೆಸರಿನ ಬ್ಯಾನರ್ ಕಟ್ಟಬೇಕೆಂದು ಜಗಳ ಶುರುವಾಯಿತು. ಸ್ವಾಮಿಯನ್ನು ಬಿಟ್ಟು ಇಡೀ ರಸ್ತೆ ಬ್ಯಾನರಿನ ಹತ್ತಿರ ಓಡಿತು. ಮಾವನೂ ಓಡಿದರು. ನಾನು ಶುಭಾರನ್ನು ಕೈಸನ್ನೆ ಮಾಡಿ ಕರೆದು, ಅವರು ಒಳಬಂದ ಮೇಲೆ ಗೇಟಿನ ಚಿಲಕ ಹಾಕಿದೆ.

"ನೀವು ದೂರ ನಿಲ್ಲಿ," ಎಂದು ಅವರು ಮಾಸ್ಕು, ಗ್ಲೌಸು ಹಾಕಿಕೊಂಡರು. ಐದು ನಿಮಿಷ. ಸೂಜಿಯೊಳಗೆ ಗಸಿಯಂಥ ಕೀವು ಬಂತು. ಶಲ್ಯವನ್ನು ಮೊದಲಿನ ಹಾಗೆಯೇ ಹೊದಿಸಿ ಹೋದರು. ಮೆರವಣಿಗೆ ನಡೆಯಿತು, ಖಾಲಿ ಸೈಟಿನ ಮೂಲೆಯಲ್ಲಿ ಮಣ್ಣು ಮಾಡಿದರು, ಮೇಲೊಂದು ಗುಡಿ ಕಟ್ಟುವುದೆಂದು ತೀರ್ಮಾನವಾಯಿತು.

ಸ್ವಾಮಿಯ ಸಾವಿಗೆ ಒಬ್ಬ ಅಪರಾಧಿ ಬೇಕಲ್ಲ. ಹಳೇ ಊರಿನ ಕಡೆ ಹಸು ಸಾಕಿರುವ ಮುನಿಶಾಮಿಯ ಕಲಗಚ್ಚಿನ ತೊಟ್ಟಿಯಲ್ಲಿ ಕೋತಿ ನೀರು ಕುಡಿದದ್ದನ್ನು ತಾವು ಕಂಡಿದ್ದಾಗಿ ಮಾವ ಹೇಳಿದರು. ಸೋಮವಾರಕ್ಕೆ ಎಂಟು ಮನೆಗಳು ಅವನ ಹಾಲು ನಿಲ್ಲಿಸಿದವು.

ವಾರ ಕಳೆದ ಮೇಲೆ ಅವನು ನಮ್ಮ ಗೇಟಿನ ಹತ್ತಿರ ಬಂದ. "ಯಾಕವ್ವಾ ಇಂಗೆ ಮಾಡ್ತಾರೆ? ಆ ಡಾಕ್ಟ್ರಮ್ಮ ಬಂದು ನಮ್ ಅಸುಗಳಿಗೆಲ್ಲಾ ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ನೋಡಿ, ಏನೂ ಇಲ್ಲ ಅಂದ್ರು. ನಿಮ್ ಮಾವಾರು ಯಾವ ಡಾಕ್ಟ್ರು?"

ನಾನು ಒಂದು ಲೀಟರ್ ಹೆಚ್ಚಿಗೆ ತೆಗೆದುಕೊಂಡೆ. ಅದಕ್ಕಿಂತ ಹೆಚ್ಚಿನ ಧೈರ್ಯ ನನ್ನಲ್ಲಿ ಆಗ ಇರಲಿಲ್ಲ.

ಮೂರು ವಾರದ ಮೇಲೆ ಶುಭಾ ಫೋನ್ ಮಾಡಿದರು. ಗಂಟಿನಲ್ಲಿದ್ದದ್ದು ಕ್ಷಯ, ಹಸುವಿನದ್ದಲ್ಲ, ಮನುಷ್ಯರಲ್ಲಿ ಇರುವ ಬಗೆಯದ್ದು. ಅಂದರೆ ಅದನ್ನು ಕೋತಿಗೆ ಕೊಟ್ಟದ್ದು ಯಾರೋ ಮನುಷ್ಯರು. ಮರುದಿನ ಸಂಜೆ ಅವರು ಆರೋಗ್ಯ ಕಾರ್ಯಕರ್ತೆ ರಮಾರನ್ನು ಕರೆದುಕೊಂಡು ಅರ್ಧ ಎದ್ದ ಗುಡಿಯ ಮುಂದೆ ಎಲ್ಲರನ್ನೂ ಸೇರಿಸಿದರು.

"ಇಲ್ಲಿ ಕೋತಿಗೆ ಕೈಯಾರೆ ತಿನ್ನಿಸ್ತಿದ್ದೋರು ಯಾರ್ಯಾರು? ಅವರೆಲ್ಲಾ ಕಫ ಪರೀಕ್ಷೆಗೆ ಕೊಡಬೇಕು," ಅಂದರು ರಮಾ.

ತಿನ್ನಿಸಿದವರು ಯಾರೂ ಇರಲಿಲ್ಲ. ಶನಿವಾರ ಶನಿವಾರ ಕಡಲೆಪುರಿ ಹಂಚುತ್ತಿದ್ದವರು, ಕೋತಿ ಕೈಯಿಂದ ಹಣ್ಣು ಕಿತ್ತುಕೊಳ್ಳುವ ಫೋಟೋವನ್ನು ವಾಟ್ಸಾಪಿನ ಚಿತ್ರವಾಗಿ ಇಟ್ಟುಕೊಂಡವರು, ಎಲ್ಲರೂ ನೆಲ ನೋಡಿದರು. ಒಬ್ಬಾಕೆ ಅಲ್ಲಿ ನಿಂತೇ ಆ ಫೋಟೋ ಅಳಿಸಿದ್ದನ್ನು ನಾನು ಕಂಡೆ. ಮಾವ, "ನಾನು ದೂರದಿಂದ ಎಸೀತಿದ್ದೆ," ಅಂದು ಕೆಮ್ಮಿದರು. ಅಕ್ಕಪಕ್ಕದ ಭಕ್ತರು ಒಂದೊಂದು ಹೆಜ್ಜೆ ಸರಿದರು.

ಮನೆಗೆ ಬಂದು ರಮಾ ಕಫದ ಡಬ್ಬಿಯನ್ನು ಜಗಲಿಯ ಮೇಲಿಟ್ಟರು. ಮಾವ ಅದನ್ನು ಮುಟ್ಟಲಿಲ್ಲ. ಧನುಶ್ರೀ ಒಳಗಿನಿಂದ ತಾತಾ ಎನ್ನುತ್ತಾ ಬಂದಳು. ನಾನು ಅವಳ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅಷ್ಟು ಬಲವಾಗಿ ಅವಳನ್ನು ಎಂದೂ ಎಳೆದಿರಲಿಲ್ಲ.

"ಪರೀಕ್ಷೆ ಆಗೋವರೆಗೂ ಮಗು ನಿಮ್ಮ ಹತ್ತಿರ ಬರಲ್ಲ ಮಾವ. ನಾನು ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ."

ಗುರುಚರಣ್ "ಬಿಡು" ಅನ್ನಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ.

ಮಾವ ಬಹಳ ಹೊತ್ತು ಯೋಚಿಸಿದರು. ಅವರ ಯೋಚನೆ ಶ್ವಾಸಕೋಶದ್ದಲ್ಲ, ಮೊಮ್ಮಗಳದ್ದೂ ಅಲ್ಲ. "ಆಯ್ತು. ಆದ್ರೆ ಒಂದು. ಕೋತಿಯಿಂದ ನನಗೆ ಬಂದಿದ್ದು ಅಂತ ಬರ್ಕೊಳ್ಳಿ. ಹಾಗಾದ್ರೆ ಮಾತ್ರ."

"ಫಾರಂನಲ್ಲಿ ಕಥೆ ಬರೆಯೋಕೆ ಜಾಗ ಇಲ್ಲ ಸಾರ್," ಅಂದರು ರಮಾ.

ನಾನು ಫಾರಂ ತೆಗೆದುಕೊಂಡೆ. ಸುಳ್ಳು ಬರೆಯಲು ಮನಸ್ಸಿರಲಿಲ್ಲ, ಅವರಿಗೆ ನಿಜ ಬೇಕಿರಲಿಲ್ಲ. ಅಂಚಿನಲ್ಲಿ ಒಂದು ಸಾಲು ಬರೆದೆ.

"ಓದಮ್ಮ."

"ಕೋತಿಗಳ ಜೊತೆ ದಿನವೂ ಹತ್ತಿರದ ಒಡನಾಟವಿತ್ತು."

"ಹಾಂ. ಅದು," ಎಂದು ಅವರು ಡಬ್ಬಿ ಹಿಡಿದು ಅಂಗಳಕ್ಕೆ ಹೋದರು. ನಾಲ್ಕು ತಿಂಗಳಿಂದ ನನಗೆ ಬೇಕಾಗಿದ್ದ ಆ ಎರಡು ಚಮಚ ಕಫ ಸಿಕ್ಕಿದ್ದು ಹೀಗೆ.

ಮೂರನೆಯ ದಿನ ಫಲಿತಾಂಶ ಬಂತು. ಕ್ಷಯವೇ. ಧನುಶ್ರೀಯ ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ, ಆದರೆ ಪರೀಕ್ಷೆಗೆಂದು ತೋಳಿಗೆ ಚುಚ್ಚಿದ ಜಾಗ ಊದಿಕೊಂಡಿತು, ಅಂದರೆ ಸೋಂಕು ಒಳಗೆ ಸೇರಿದೆ. ರೋಗ ಏಳದಿರಲೆಂದು ಅವಳು ಆರು ತಿಂಗಳು ಮಾತ್ರೆ ನುಂಗಬೇಕು. ಕೋತಿಗೆ ಕ್ಷಯ ಕೊಟ್ಟದ್ದು ಮಾವನೇ ಎಂದು ನಾನು ಹೇಳುವುದಿಲ್ಲ. ಉಳಿದವರ ಕಫ ಯಾರೂ ನೋಡಿಲ್ಲ. ಮಗುವಿಗೆ ಕೊಟ್ಟವರು ಯಾರೆಂದು ಮಾತ್ರ ನನಗೆ ಗೊತ್ತು.

ಮಾವ ಮಲಗಿ ಕೊರಗಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಬಂದವರಿಗೆ ಹೊಸ ಪುರಾಣ ಹೇಳತೊಡಗಿದರು. ಸ್ವಾಮಿ ಹೋಗುವಾಗ ತನ್ನ ನೋವನ್ನು ಹಂಚಿಕೊಳ್ಳಲು ಒಬ್ಬರನ್ನು ಆರಿಸಿದನಂತೆ. ಜನ ನಂಬಿದರು. ಗೇಟಿನಾಚೆಯಿಂದ, ಮಾಸ್ಕು ಹಾಕಿಕೊಂಡೇ, ಅವರಿಗೆ ಕೈಮುಗಿದರು. ಮುನಿಶಾಮಿಯ ಹಾಲನ್ನು ಮತ್ತೆ ತೆಗೆದುಕೊಂಡವರು ಇಬ್ಬರೇ. ಉಳಿದ ಕೋತಿಗಳನ್ನು ಈಗ ಶುಭಾ ದೂರದಿಂದ ನೋಡುತ್ತಾರೆ. ಕೆಮ್ಮುವುದಿದ್ದರೆ ಲೆಕ್ಕ ಬರೆದುಕೊಳ್ಳುತ್ತಾರೆ. ಹಣ್ಣು ಹಿಡಿದು ಯಾರೂ ಬರುವುದಿಲ್ಲ. ಆ ಮಟ್ಟಿಗೆ ಅವುಗಳ ಅದೃಷ್ಟ.

ಪುರಾಣಕ್ಕೆ ನಾನು ಅಡ್ಡ ಬರುವುದಿಲ್ಲ. ಅಡ್ಡ ಬಂದರೆ ಅವರು ಔಷಧ ಬಿಟ್ಟಾರು. ಅವಮಾನವಾದರೆ ಊಟವನ್ನೇ ಬಿಡುವ ಮನುಷ್ಯ. ದಿನಾ ಬೆಳಿಗ್ಗೆ ಏಳಕ್ಕೆ ನೀರು ತೆಗೆದುಕೊಂಡು ಅವರೆದುರು ನಿಲ್ಲುತ್ತೇನೆ. ಮಾತ್ರೆ ಬಾಯಿಗೆ ಹೋಗುತ್ತದೆ. ಅವರು ಲೋಟ ಕೆಳಗಿಟ್ಟು ಪೇಪರ್ ಎತ್ತಿಕೊಳ್ಳುತ್ತಾರೆ.

"ಬಾಯಿ ತೆರೀರಿ ಮಾವ."

"ನುಂಗಿದೆ ಕಣಮ್ಮ."

"ನಾಲಿಗೆ ಎತ್ತಿ."

ಅವರು ಎತ್ತುತ್ತಾರೆ. ನಾನು ಬಗ್ಗಿ ನೋಡುತ್ತೇನೆ.