ಬದನೆಕಾಯಿಯ ಹಸು

ಓಬೋನ್ ಹಬ್ಬಕ್ಕೆ ಸತ್ತವರು ಮನೆಗೆ ಬರುತ್ತಾರೆ. ಬರುವಾಗ ಬೇಗ ಬರಲಿ ಎಂದು ಸೌತೆಕಾಯಿಯ ಕುದುರೆ, ಹೋಗುವಾಗ ನಿಧಾನವಾಗಿ ಹೋಗಲಿ ಎಂದು ಬದನೆಕಾಯಿಯ ಹಸು ಮಾಡಿಡುವುದು ನಮ್ಮ ವಾಡಿಕೆ. ಆ ವರ್ಷ ನನ್ನ ತಮ್ಮನ ಹೆಂಡತಿ, ಶಿಗೆ ಎಂಬವಳು, ಕುದುರೆಯನ್ನಷ್ಟೇ ಮಾಡಿದ್ದಳು.

ಬೀಳ್ಕೊಡುವ ಸಂಜೆ ನಾನು ತವರಿಗೆ ಹೋದಾಗಲೇ ಅದು ಕಣ್ಣಿಗೆ ಬಿದ್ದದ್ದು. ಅಪ್ಪನ ಫೋಟೋ ಪಕ್ಕದಲ್ಲಿ ಪುಟ್ಟ ಮಿತ್ಸುವಿನ ಫೋಟೋ. ಚಳಿಗಾಲದ ಜ್ವರದಲ್ಲಿ ಹೋದ ಶಿಗೆಯ ಕೂಸು. ತೀರಿಕೊಂಡ ಮೇಲೆ ಇದು ಅವಳ ಮೊದಲ ಓಬೋನ್.

"ಹಸು ಎಲ್ಲೇ?"

"ಬದನೆಕಾಯಿ ಇಲ್ಲ ಅಕ್ಕ."

"ಹಿತ್ತಲಲ್ಲಿ ಗಿಡ ಬಾಗೋ ಹಾಗೆ ಬಿಟ್ಟಿತ್ತಲ್ಲ! ಕಾಗೆ ಹೊತ್ಕೊಂಡು ಹೋಯ್ತಾ?"

"ಬೆಳಿಗ್ಗೆ ಎಲ್ಲಾ ಕಿತ್ತು ಉಪ್ಪಲ್ಲಿ ಹಾಕ್ಬಿಟ್ಟೆ."

ನನಗೆ ಮೈಯೆಲ್ಲ ಉರಿಯಿತು. ಬಂದವರನ್ನು ಕಳಿಸಿಕೊಡದಿದ್ದರೆ ಅವರು ಇಲ್ಲಿಯವರೂ ಆಗದೆ ಅಲ್ಲಿಯವರೂ ಆಗದೆ, ಹಸಿದುಕೊಂಡು ಬೇಲಿ ಬದಿಯಲ್ಲಿ ಅಲೆಯುತ್ತಾರೆ. ಇಷ್ಟು ಇವಳಿಗೆ ಗೊತ್ತಿಲ್ಲವೇ?

"ಮಗೂನ ಅಲೆಮಾರಿ ದೆವ್ವ ಮಾಡ್ತೀಯೇನೇ? ತಾಯಿನಾ ನೀನು?" ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

ಅವಳು ಅಳಲಿಲ್ಲ. "ಅವಳಿಗೆ ಹಸು ಅಂದ್ರೆ ಭಯ ಅಕ್ಕ. ನಿಮ್ಮನೆ ಹಸು ತಲೆ ಆಡಿಸಿದ್ರೂ ನನ್ನ ಕಾಲು ತಬ್ಕೊಂಡು ನಡುಗ್ತಿದ್ಲು. ಅದರ ಮೇಲೆ ಒಬ್ಬಳನ್ನೇ ಕೂರಿಸಿ ಹೇಗೆ ಕಳಿಸ್ಲಿ? ಹಿಡ್ಕೊಳ್ಳೋಕೆ ನಾನಿರಲ್ವಲ್ಲ."

ನನ್ನ ಕೋಪವೆಲ್ಲ ಇಳಿದುಹೋಯಿತು. ಹೊರಗೆ ತಮ್ಮ ಬಾಗಿಲ ಮುಂದೆ ಸೆಣಬಿನ ಕಡ್ಡಿ ರಾಶಿ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಅಕ್ಕಪಕ್ಕದ ಮನೆಯವರು ಸತ್ತವರನ್ನು ಬೀಳ್ಕೊಡುವ ಬೆಂಕಿ ಆಗಲೇ ಹಚ್ಚಿದ್ದರು.

"ಅಪ್ಪನೂ ಬಂದಿದ್ದಾರಲ್ಲೇ," ಎಂದೆ. "ಅವರೂ ಈಗಲೇ ಹೊರಡಬೇಕು."

ಶಿಗೆ ಮುಖ ತಿರುಗಿಸಿದಳು. ನಮ್ಮಪ್ಪನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಹೆಣ್ಣು ಹುಟ್ಟಿತೆಂದು ಅವರು ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಅಂದು ಮಾತು ಬಿಟ್ಟವಳು, ಅವರು ಸಾಯುವಾಗಲೂ ಬಾಯಿ ಬಿಡಲಿಲ್ಲ.

ಕೊನೆಗೆ ಎದ್ದಳು. ಉಪ್ಪಿನ ಜಾಡಿಗೆ ಕೈ ಹಾಕಿ, ಎಲ್ಲಕ್ಕಿಂತ ದೊಡ್ಡ ಬದನೆಕಾಯಿ ಹುಡುಕಿ ತೆಗೆದು ತೊಳೆದಳು. ಕಡ್ಡಿ ಚುಚ್ಚಿ ಕಾಲು ಮಾಡಿದಳು. ಇಬ್ಬರು ಕೂರುವಷ್ಟು ಅಗಲ ಬೆನ್ನಿನ ಹಸು. ಅದನ್ನು ಅಪ್ಪನ ಫೋಟೋ ಮುಂದಿಟ್ಟು ಹಣೆಯನ್ನು ಚಾಪೆಗೆ ಮುಟ್ಟಿಸಿದಳು.

"ಮಾವ, ಅವಳನ್ನ ಮುಂದೆ ಕೂರಿಸ್ಕೊಳ್ಳಿ. ಹಸು ತಲೆ ಆಡಿಸಿದ್ರೆ ಅವಳ ಕಣ್ಣು ಮುಚ್ಚಿ. ನಿಮ್ಮ ಕಾಲಿಗೆ ಬೀಳ್ತೀನಿ, ಈಗಲಾದ್ರೂ ಅವಳನ್ನ ಎತ್ಕೊಳ್ಳಿ."

ಹೊರಗೆ ತಮ್ಮ ಕಡ್ಡಿಗೆ ಬೆಂಕಿ ಹಚ್ಚಿದ.