ಎಚ್ಚರಿಕೆಯ ಸಾಲು

ಬೆಳಿಗ್ಗೆ ಹತ್ತೂವರೆಗೆ ತಂಗಿಗೆ ಅಕ್ಕನ ಫೋನು ಬಂತು. "ಮಷೀನು ಮತ್ತೆ ನಿಂತು ಶುರುವಾಯ್ತು ಕಣೇ. ಇವರಿಗೆ ಉಸಿರೇ ಕಟ್ಟಿದ ಹಾಗಾಯ್ತು."

ಭಾವನಿಗೆ ಆಮ್ಲಜನಕ ಕೊಡುವ ಆ ಯಂತ್ರ ತಂಗಿಯ ಕಂಪನಿಯದು. ಅದರೊಳಗಿನ ಪ್ರೋಗ್ರಾಂ ಬರೆದವಳೂ ಅವಳೇ. "ಸದ್ಯಕ್ಕೆ ಸಿಲಿಂಡರ್ ಹಾಕು. ನಿಲ್ಲೋ ಮುಂಚೆ ಪರದೆ ಮೇಲೆ ಏನಿತ್ತು?"

"'ಆಮ್ಲಜನಕ' ಅಂತ ಅರ್ಧ ಸಾಲು. ಆಮೇಲೆ ಏನೂ ಇಲ್ಲ."

ಆಮ್ಲಜನಕದ ಹರಿವು ಕಡಿಮೆಯಾದಾಗ ಮೂಡುವ ಆ ಎಚ್ಚರಿಕೆಯ ಸಾಲನ್ನು ಯಂತ್ರ ಓಡುತ್ತಿರುವಾಗಲೇ ಅಕ್ಷರಕ್ಕೆ ಅಂಕಿ ಸೇರಿಸಿ ಹೆಣೆಯುತ್ತಿತ್ತು. ಪುಟ್ಟ ಚಿಪ್, ಅದರಲ್ಲಿ ಇಷ್ಟೇ ಇಷ್ಟು ಮೆಮೊರಿ. ಹೋದ ತಿಂಗಳು ಅವಳೇ ಪ್ರೋಗ್ರಾಮಿಗೆ ಹೊಸದೊಂದು ಭಾಗ ಸೇರಿಸಿದ್ದಳು; ಅದು ಮೆಮೊರಿಯ ಬಹುಪಾಲು ನುಂಗಿತ್ತು. ಆಮೇಲೆ ಈ ಸಾಲನ್ನು ಪರೀಕ್ಷಿಸಿರಲಿಲ್ಲ.

ಎಚ್ಚರಿಕೆ ಬರಿಸಲು, ಲ್ಯಾಬಿನಲ್ಲಿದ್ದ ಅಂಥದೇ ಯಂತ್ರದ ನಳಿಕೆಯನ್ನು ಬೆರಳಿನಿಂದ ಮುಚ್ಚಿದಳು. 'ಆಮ್ಲಜನಕ' ಎಂದು ಮೂಡಿತು, ಪರದೆ ಕಪ್ಪಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಎಚ್ಚರಿಸಬೇಕಾದ ಮಾತೇ ಯಂತ್ರವನ್ನು ಬೀಳಿಸುತ್ತಿತ್ತು.

ಎಂದೂ ಅವಸರಪಡದ ಮೇಲಧಿಕಾರಿಗೆ ಎಲ್ಲರೂ ಇಟ್ಟ ಹೆಸರು ಆಮೆ. ಸುದ್ದಿ ಕೇಳಿ ಅವರು ಅಂದು ಓಡಿಯೇ ಬಂದರು. "ಇಂಥವು ಎಷ್ಟು ಮನೇಲಿವೆ?"

"ಮುನ್ನೂರು."

"ಮೊದಲು ಎಲ್ಲರಿಗೂ ಫೋನು ಹೋಗ್ಲಿ, ಸಿಲಿಂಡರ್ ಬಳಸಲಿ. ನೀನು ದಾರಿ ಹುಡುಕು."

ದಾರಿ ಇತ್ತು. ಸಾಲನ್ನು ಯಂತ್ರದಲ್ಲಿ ಹೆಣೆಯುವುದೇ ಬೇಡ. ಪ್ರೋಗ್ರಾಂ ಕಂಪೈಲ್ ಆಗುವಾಗಲೇ, ಅಂದರೆ ಯಂತ್ರದ ಭಾಷೆಗೆ ಇಳಿಯುವಾಗಲೇ, ಕಚೇರಿಯ ಕಂಪ್ಯೂಟರಿನಲ್ಲೇ ಸಿದ್ಧವಾಗಲಿ. ಯಂತ್ರ ಎರಡು ಅಂಕಿ ತುಂಬಿದರೆ ಸಾಕು. ಹಾಗೆಯೇ ಬರೆದಳು. ಆ ಕೆಲಸ ಮಾಡುವ ಕಂಪೈಲರ್ ಒಪ್ಪಲಿಲ್ಲ: ಪರದೆಗಿಂತ ಸಾಲು ನಾಲ್ಕು ಅಕ್ಷರ ಉದ್ದ.

"ಬೈಸಿಕೊಳ್ಳೋದಾದ್ರೆ ಇಲ್ಲೇ ಕಂಪೈಲರ್ ಹತ್ರ ಬೈಸಿಕೊಳ್ಳೋಣ, ರೋಗಿ ಮನೇಲಿ ಬೇಡ," ಎಂದರು ಆಮೆ.

ಸಾಲಿನಲ್ಲಿದ್ದ 'ದಯವಿಟ್ಟು' ತೆಗೆದಳು. ಒಪ್ಪಿತು.

ನಳಿಕೆ ಮುಚ್ಚಿ ತೆರೆದು, ಮುಚ್ಚಿ ತೆರೆದು, ಇನ್ನೂರು ಸಲ. ಪ್ರತಿ ಸಲವೂ ಪರದೆ ಕಪ್ಪಾದೀತೇ ಎಂದು ನೋಡಿದಳು. ಆಗಲಿಲ್ಲ. ಉಳಿದ ಪರೀಕ್ಷೆಗಳಿಗೆ ಮೂರು ದಿನ ಹಿಡಿಯಿತು.

ನಾಲ್ಕನೆಯ ದಿನ ಮೆಕ್ಯಾನಿಕ್ ಬಂದು ಹೊಸ ಪ್ರೋಗ್ರಾಂ ಹಾಕಿ ಹೋದ ಮೇಲೆ ಅಕ್ಕ ಫೋನಿನಲ್ಲಿ ಕೇಳಿದಳು, "ಯಾರ ತಪ್ಪಂತೆ?"

"ನಂದೇ, ಅಕ್ಕ."

"ಅವರಿಗೆ ನೀನೇ ಹೇಳು," ಎಂದು ಅಕ್ಕ ಭಾವನಿಗೆ ಫೋನು ಕೊಟ್ಟಳು.

ಮೊದಲು ಭಾವನ ಉಸಿರಾಟ ಕೇಳಿಸಿತು. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು.

"ಇನ್ನು ನಿಲ್ಲಲ್ಲ ತಾನೆ?" ಎಂದರು ಅವರು.

"ಆ ಸಾಲಿನಿಂದ ನಿಲ್ಲಲ್ಲ, ಭಾವ." ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲು ಅವಳಿಗೆ ಬಾಯಿ ಬರಲಿಲ್ಲ.