ಹಸಿರು ಜೇನಂಟು

ಅಳವಂಡಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬಣ್ಣ ಹೊಡೆಯುವ ಬಾಬಾಸಾಬನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಕೊಪ್ಪಳದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಮಗಳು ಜಾಸ್ಮೀನ. ಇನ್ನೊಂದು, ಶೆಡ್ಡಿನ ಮುಂದಿನ ಬೇವಿನ ಮರಕ್ಕೆ ತೂಗುಹಾಕಿದ್ದ ಗಡಿಗೆಯೊಳಗಿನ ನಸರಿ ಜೇನು. ನಸರಿಯೆಂದರೆ ಸೊಳ್ಳೆಗಿಂತ ತುಸು ದೊಡ್ಡದು, ಚುಚ್ಚಲು ಮುಳ್ಳಿಲ್ಲದ ಬಡಪಾಯಿ ಹುಳ. ಗಿಡಮರದ ಅಂಟು ತಂದು ತನ್ನ ಗೂಡಿನ ಬಾಯಿಗೆ ಮೆತ್ತುತ್ತದೆ. ಆ ಜೇನಂಟನ್ನು ಹರಳೆಣ್ಣೆಯಲ್ಲಿ ಕರಗಿಸಿ ಒಡೆದ ಹಿಮ್ಮಡಿಗೆ ಹಚ್ಚುವುದನ್ನು ಬಾಬಾಸಾಬನಿಗೆ ಅವನ ಅವ್ವ ಲಾಲಬೀ ಕಲಿಸಿದ್ದಳು. ಓಣಿಯ ಅರ್ಧ ಜನ ತನ್ನ ಅಂಟಿನಿಂದಲೇ ಕುಂಟದೆ ನಡೆಯುತ್ತಿದ್ದಾರೆ ಎಂದು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಹೀಗಿರುವಾಗ ಜಾಸ್ಮೀನ ಬೇರೆ ಬೇರೆ ಜೇನುಗಳ ಅಂಟನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಳು. ಕುಷ್ಟಗಿಯ ಸೂರ್ಯಕಾಂತಿ ಹೊಲದಿಂದ ಪೆಟ್ಟಿಗೆ ಜೇನಿನ ಅಂಟು ತಂದಾಗಿತ್ತು. ನಸರಿಯದೊಂದು ಬೇಕಿತ್ತು.

"ಯಾವುದು ರೋಗದ ಕ್ರಿಮಿ ಕೊಲ್ತೈತಿ ಅಂತ ನೋಡೋದು ಅಬ್ಬಾ. ಮತ್ತ ಮೈಯೊಳಗಿನ ಸವಕಳಿ ಯಾವುದು ತಡೀತೈತಿ ಅಂತ," ಎಂದಳು.

"ಅಂದ್ರ ನಮ್ಮ ರೆಡ್ ಆಕ್ಸೈಡ್ ಇದ್ದಂಗ. ತುಕ್ಕು ಹಿಡೀಲಾರದಂಗ ಕಾಯ್ತೈತಿ," ಎಂದ ಬಾಬಾಸಾಬ. ವಿಜ್ಞಾನ ಇಷ್ಟು ಸುಲಭವಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

"ಹುಲಿಹೈದರದಾಗ ನಮ್ಮ ತವರುಮನಿ ಗ್ವಾಡ್ಯಾಗೂ ನಸರಿ ಐತಿ. ಅದನ್ನೂ ತರ್ಸಬೇಕಿತ್ತು," ಎಂದಳು ಹೆಂಡತಿ ತಾಜಬೀ.

"ಬಂಗಾರದ ಗಣಿ ಬಾಗಲದಾಗ ಇಟಗೊಂಡು ಹುಲಿಹೈದರಕ್ಕ ಯಾಕ ಹೋಗಬೇಕು?" ಎಂದು ಅವನು ಗಡಿಗೆ ಇಳಿಸಿದ.

ಈ ಸಲ ಅಂಟು ಹಸಿರಾಗಿತ್ತು. ಕಂದಲ್ಲ, ಕಪ್ಪಲ್ಲ, ಎಳೆ ಜೋಳದ ಗರಿಯ ಹಸಿರು. ಯಾವುದೋ ಪರದೇಶದಲ್ಲಿ ಹಸಿರು ಜೇನಂಟಿಗೆ ಭಾರೀ ಬೆಲೆಯಿದೆ ಎಂದು ಮೊಬೈಲಿನಲ್ಲಿ ಕೇಳಿದ್ದ ಬಾಬಾಸಾಬನನ್ನು ಆಮೇಲೆ ಹಿಡಿಯುವವರೇ ಇರಲಿಲ್ಲ. ಚಹಾದಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ಡಂಗುರ ಸಾರಿದ.

ಮೂರನೆಯ ವಾರ ಜಾಸ್ಮೀನ ಮನೆಗೆ ಬಂದವಳು ಚೀಲ ಇಳಿಸದೆ ಕಟ್ಟೆಯ ಮೇಲೆ ಕುಳಿತಳು. ಮೊಬೈಲಿನಲ್ಲಿ ಎರಡು ಗಾಜಿನ ತಟ್ಟೆಗಳ ಫೋಟೊ ತೋರಿಸಿದಳು. ಎರಡರಲ್ಲೂ ಕ್ರಿಮಿಗಳು ಮೊಸರಿನ ಕೆನೆಯಂತೆ ಹಬ್ಬಿದ್ದವು. ಪೆಟ್ಟಿಗೆ ಜೇನಿನ ಅಂಟಿನ ಸುತ್ತ ಕ್ರಿಮಿ ಸತ್ತು ಸ್ವಚ್ಛವಾದ ಒಂದು ಉಂಗುರ ಮೂಡಿತ್ತು. ಹಸಿರು ಅಂಟಿನ ಸುತ್ತ ಏನೂ ಇರಲಿಲ್ಲ.

"ಮೂರು ಸಲ ಮಾಡಿ ನೋಡೀನಿ. ನಸರಿ ಅಂಟಿನ್ಯಾಗ ಗುಣಾನ ಇಲ್ಲ ಅಂತ ಬರೀಬೇಕು ಅಬ್ಬಾ. ಇನ್ನ ಹನ್ನೆರಡು ದಿನದಾಗ ಕೊಡೂದೈತಿ."

ಬಾಬಾಸಾಬನಿಗೆ ಅವ್ವನ ನೆನಪಾಯಿತು, ಓಣಿಯ ಹಿಮ್ಮಡಿಗಳೆಲ್ಲ ನೆನಪಾದವು.

ಅಂದು ಮಧ್ಯಾಹ್ನ, ಬಣ್ಣಕ್ಕೆ ಬಿಟ್ಟಿದ್ದ ತನ್ನ ಟ್ರೇಲರ್ ನೋಡಲು ಆದೆಪ್ಪ ಬಂದ. "ಸಾಬ್ರ, ಹಿಂದಿನ ಬಾಗಲದ ಬಣ್ಣದಾಗ ಮತ್ತ ಸಿಡುಬಿನಂಗ ಕುಳಿ ಬಿದ್ದಾವಲ್ರಿ! ಮೂರನೇ ಸಲ ಇದು."

"ನಮ್ಮಾಕಿ ಕೋಳಿ ಕುಕ್ಕಿರಬೇಕು," ಎಂದ ಬಾಬಾಸಾಬ ಎಂದಿನಂತೆ. ಹಸಿಬಣ್ಣ ಕುಕ್ಕುತ್ತವೆ ಎಂದು ತಾಜಬೀಯ ಕೋಳಿಗಳನ್ನು ಒಂದು ತಿಂಗಳಿಂದ ಬುಟ್ಟಿಯಡಿ ಮುಚ್ಚಿಸಿದ್ದ. ಕೋಳಿ ಬುಟ್ಟಿಯಡಿ ಇದ್ದರೆ ಕುಕ್ಕಿದ್ದು ಯಾರು ಎಂಬ ಯೋಚನೆ ಅವನಿಗೆ ಈಗ ಬಂತು. ಬಗ್ಗಿ ನೋಡಿದ. ಅರೆ ಒಣಗಿದ ಹಸಿರು ಬಣ್ಣದ ಅಂಚಿನಲ್ಲಿ ಒಂದು ನಸರಿ ಕುಳಿತು, ಹಿಂಗಾಲಿಗೆ ಸಾಸಿವೆಯಷ್ಟು ಹಸಿರು ಉಂಡೆ ಕಟ್ಟಿಕೊಂಡು, ನೆಟ್ಟಗೆ ಗಡಿಗೆಗೆ ಹಾರಿತು. ಹಿಂದೆಯೇ ಇನ್ನೊಂದು ಬಂದು ಕುಳಿತಿತು.

ಅವನು ಅಲ್ಲೇ ನಿಂತ. ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ತೆರೆದರೆ ಅಳವಂಡಿ ವರ್ಷಾನುಗಟ್ಟಲೆ ನಗುತ್ತದೆ, ಹೆಂಡತಿ ಸಾಯುವತನಕ ಕೋಳಿಯ ಮಾತು ಎತ್ತುತ್ತಾಳೆ. ಆದರೆ ಮಗಳು ತನ್ನ ಹೆಸರಿನ ಕೆಳಗೆ ಸುಳ್ಳು ಬರೆಯುತ್ತಾಳೆ, ಅದೂ ಅವನನ್ನು ನಂಬಿ. ಕುಂಚ ಕೆಳಗಿಟ್ಟು ಕಟ್ಟೆಗೆ ಹೋದ.

"ನಸರಿದೇನೂ ತಪ್ಪಿಲ್ಲವ್ವ," ಎಂದ. "ನೀ ತಟ್ಟಿಯೊಳಗ ಇಟ್ಟಿದ್ದು ಜೇನಂಟಲ್ಲ. ಆದೆಪ್ಪನ ಟ್ರೇಲರ್."

ಜಾಸ್ಮೀನ ಅವನ ಮುಖ ನೋಡಿದಳು, ಆಮೇಲೆ ಟ್ರೇಲರ್ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಬಾಬಾಸಾಬ ಏನೂ ಹೇಳಿಸಿಕೊಳ್ಳದೆ ಹಿತ್ತಲಿಗೆ ಹೋಗಿ ಕೋಳಿಬುಟ್ಟಿ ಎತ್ತಿದ.

"ಕೋಳಿ ಮುಂದ ಕಿವಿ ಹಿಡಕೊಂಡು ತಪ್ಪಾತು ಅನ್ರಿ," ಎಂದಳು ತಾಜಬೀ.

ಮರುದಿನ ಬೆಳಗ್ಗೆ ಅಪ್ಪ ಮಗಳು ಗಾಡಿ ಹತ್ತಿ ಹುಲಿಹೈದರಕ್ಕೆ ಹೋದರು. ತಾಜಬೀಯ ತವರಿನ ಮಣ್ಣಿನ ಗೋಡೆಯಿಂದ ಸಿಕ್ಕ ಅಂಟು ಕಂದು ಬಣ್ಣದ್ದು, ಮೂಸಿದರೆ ಲೋಬಾನದ ವಾಸನೆ. ಅದರ ಸುತ್ತ ಮೂಡಿದ ಉಂಗುರ ಪೆಟ್ಟಿಗೆ ಜೇನಿನ ಉಂಗುರಕ್ಕಿಂತ ಅಗಲವಾಗಿತ್ತು. ಸವಕಳಿ ತಡೆಯುವ ಪರೀಕ್ಷೆಯಲ್ಲೂ ನೇರಳೆ ನೀರು ನೋಡನೋಡುತ್ತಲೇ ಹಳದಿಗೆ ತಿರುಗಿತಂತೆ; ಹಳದಿಯಾದಷ್ಟೂ ಅಂಟಿನ ಗುಣ ಹೆಚ್ಚಂತೆ.

ಬಾಬಾಸಾಬ ಗಡಿಗೆಯನ್ನು ಮಾತ್ರ ಕದಲಿಸಲಿಲ್ಲ. ದೊಡ್ಡದೊಂದು ಸೊಳ್ಳೆಪರದೆ ಹೊಲಿಸಿ, ಟ್ರೇಲರ್ ಸಮೇತ ಅದರೊಳಗೆ ಕುಳಿತು ಬಣ್ಣ ಹೊಡೆಯತೊಡಗಿದ. "ನಿಖಾ ಯಾವಾಗ ಸಾಬ್ರ?" ಎಂದು ಮುಸುಕು ಹಾಕಿದ ಮದುಮಗನನ್ನು ಕಂಡಂತೆ ಹೋಗಿಬರುವವರು ಕೇಳುತ್ತಿದ್ದರು. ಅವನೂ ನಗುತ್ತಿದ್ದ.

ತಿಂಗಳ ಮೇಲೆ ಜಾಸ್ಮೀನ ರಟ್ಟು ಹಾಕಿಸಿದ ವರದಿ ತಂದಳು. ಹಸಿರು ಅಂಟಿಗೇ ಒಂದು ಪುಟ ಕೊಟ್ಟಿದ್ದಳು. ಪೇಟೆ ಸಮೀಪದ ನಸರಿಗಳ ಅಂಟನ್ನು ಔಷಧಕ್ಕೆ ಬಳಸುವ ಮೊದಲು ಪರೀಕ್ಷಿಸಬೇಕು ಎಂದಿತ್ತು ಅದರಲ್ಲಿ. ಕಾಲೇಜಿನ ಸರ್ ಆ ಪುಟವನ್ನೇ ಎಲ್ಲರಿಂದ ಓದಿಸಿದರಂತೆ. ಆಮೇಲೆ ಜಾಸ್ಮೀನ ಮೊದಲ ಪುಟ ತೆರೆದು, ಇಂಗ್ಲಿಷಿನಲ್ಲಿದ್ದ ಕೃತಜ್ಞತೆಯ ಸಾಲನ್ನು ಕನ್ನಡದಲ್ಲಿ ಹೇಳಿದಳು.

"ತನ್ನ ಗಡಿಗಿ ಅಂಟು ಸುಳ್ಳು ಅಂತ ತಾನ ಬಂದು ಹೇಳಿದ ನಮ್ಮ ಅಬ್ಬಾಗ."

ಬಾಬಾಸಾಬ ಎದ್ದು ಪರದೆಯೊಳಗೆ ಹೋದ. ಬೆನ್ನು ತಿರುಗಿಸಿ ನಿಂತು ಕಣ್ಣೊರೆಸಿಕೊಂಡ.

"ಟರ್ಪೆಂಟೈನ್ ಭಾಳ ಖಾರ ಐತಿ ಇವತ್ತು," ಎಂದ.

"ಡಬ್ಬಿ ಮುಚ್ಚಳಾನ ಇನ್ನೂ ತೆಗೆದಿಲ್ಲಲ್ರಿ," ಎಂದಳು ತಾಜಬೀ, ಕೋಳಿಗೆ ಕಾಳು ಚೆಲ್ಲುತ್ತ.